ನಮೀಬಿಯಾದ ಬಯಲು ಶಿಕಾರಿಗೆ ರೈಫಲ್ ಮತ್ತು ತೋಟಾ ಆರಿಸಿದ ಬಗೆ

ರೈಫಲ್ ಆರಿಸುವ ಕೆಲಸ ಬಂದೂಕಿನ ಅಂಗಡಿಯಲ್ಲಿ ಶುರುವಾದರೆ ಹಣ ಹೋಗುತ್ತದೆ, ಸರಿಯಾದ ರೈಫಲ್ ಬರುವುದಿಲ್ಲ. ಮೊದಲು ಬೇಕಾದದ್ದು ಪ್ರಾಣಿಗಳ ಪಟ್ಟಿ. ವಿಂಡ್‌ಹುಕ್‌ನ ಪಶ್ಚಿಮಕ್ಕಿರುವ ಖೋಮಾಸ್ ಗುಡ್ಡಗಾಡಿಗೆಂದು ನಾನು ಹಾಳೆಯ ಮೇಲೆ ಬರೆದುಕೊಂಡ ಹೆಸರುಗಳು ಇವು: ಸ್ಪ್ರಿಂಗ್‌ಬಾಕ್, ವಾರ್ಟ್‌ಹಾಗ್ ಎಂಬ ಕಾಡುಹಂದಿ, ಕೆಂಪು ಹಾರ್ಟ್‌ಬೀಸ್ಟ್, ಗೆಮ್ಸ್‌ಬಾಕ್, ಕುಡು, ಬೆಟ್ಟದ ಜೀಬ್ರಾ. ಪ್ರತಿ ಹೆಸರಿನ ಎದುರು ತೂಕ. ಸ್ಪ್ರಿಂಗ್‌ಬಾಕ್ 30ರಿಂದ 45 ಕಿಲೋ. ಹಾರ್ಟ್‌ಬೀಸ್ಟ್ ಗಂಡು 150 ಕಿಲೋ ಆಸುಪಾಸು. ಗೆಮ್ಸ್‌ಬಾಕ್ 180ರಿಂದ 240. ಕುಡು ಗಂಡು ನಮ್ಮ ಕಡವೆಯ ಗಾತ್ರದ್ದು, 190ರಿಂದ 270. ಜೀಬ್ರಾ 300 ಕಿಲೋ ಮುಟ್ಟುತ್ತದೆ. ಪಟ್ಟಿಯಲ್ಲಿ ಇಲಾಂಡ್ ಎಂಬ ದೈತ್ಯ ಹುಲ್ಲೆ ಸೇರಿದ್ದರೆ ಲೆಕ್ಕವೇ ಬೇರೆ. ಅದರ ದೊಡ್ಡ ಗಂಡು 800 ಕಿಲೋ ದಾಟುತ್ತದೆ.

ಪಟ್ಟಿಯಲ್ಲಿ ಅತಿ ಭಾರದ, ಅತಿ ಗಟ್ಟಿಯ ಪ್ರಾಣಿ ಯಾವುದೋ ಅದೇ ಗುಂಡನ್ನು ನಿರ್ಧರಿಸುತ್ತದೆ. ಸ್ಪ್ರಿಂಗ್‌ಬಾಕ್‌ಗೆ ಒಂದು ರೈಫಲ್, ಕುಡುವಿಗೆ ಇನ್ನೊಂದು ಎಂದು ಎರಡು ಒಯ್ಯುವ ಆಸೆ ಬರುವುದು ಸಹಜ. ಆದರೆ ಬೆಳಿಗ್ಗೆ ಸ್ಪ್ರಿಂಗ್‌ಬಾಕ್ ಹುಡುಕಿ ಹೊರಟವನ ಎದುರಿಗೆ ಗೆಮ್ಸ್‌ಬಾಕ್ ನಿಂತಿರುತ್ತದೆ, ಕೈಯಲ್ಲಿರುವುದು ಚಿಕ್ಕ ರೈಫಲ್. ಆರೂ ಪ್ರಾಣಿಗಳಿಗೆ ಒಂದೇ ರೈಫಲ್, ಒಂದೇ ಗುಂಡು, ಒಂದೇ ಝೀರೋ (ಗೊತ್ತಾದ ಒಂದು ದೂರದಲ್ಲಿ ಗುಂಡು ಗುರಿಗೇ ಬೀಳುವಂತೆ ಸ್ಕೋಪ್ ಹೊಂದಿಸುವುದು). ಇದರಲ್ಲಿ ನನಗೆ ಎರಡು ಮಾತಿಲ್ಲ.

ಎರಡನೆಯ ಲೆಕ್ಕ ದೂರದ್ದು. ಖೋಮಾಸ್‌ನ ಕಲ್ಲುಗುಡ್ಡಗಳಲ್ಲಿ ಹೆಚ್ಚಿನ ಈಡುಗಳು 100ರಿಂದ 250 ಮೀಟರ್ ಒಳಗೆ ಬರುತ್ತವೆ. ದಕ್ಷಿಣ ಆಫ್ರಿಕಾದ ಲಿಂಪೊಪೊ ಕಡೆಯ ಮುಳ್ಳುಪೊದೆಯ ಕಾಡಿನಲ್ಲಿ 50ರಿಂದ 120 ಮೀಟರ್. ಕರೂ ಮತ್ತು ಫ್ರೀ ಸ್ಟೇಟ್‌ನ ಬೋಳು ಬಯಲಿನಲ್ಲಿ ಸ್ಪ್ರಿಂಗ್‌ಬಾಕ್, ಬ್ಲೆಸ್‌ಬಾಕ್‌ಗಳಿಗೆ 200ರಿಂದ 300. ಇದಕ್ಕಿಂತ ದೂರದ ಈಡು ಪ್ರಾಣಿಗೆ ನ್ಯಾಯವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಗುಂಡು ಅಷ್ಟು ದೂರ ಹೋಗಿ ಮುಟ್ಟುವ ಹೊತ್ತಿಗೆ ಪ್ರಾಣಿ ಒಂದು ಹೆಜ್ಜೆ ಮುಂದಿಟ್ಟಿದ್ದರೆ ಶ್ವಾಸಕೋಶಕ್ಕೆ ಇಟ್ಟ ಗುರಿ ಹೊಟ್ಟೆಗೆ ಬೀಳುತ್ತದೆ.

ಮೂರನೆಯದು ಕಾನೂನು. ನಮೀಬಿಯಾ ತೋಟಾದ (ಗುಂಡು, ಮದ್ದು ಎರಡೂ ಸೇರಿದ ಇಡೀ ಕಾಡತೂಸಿನ) ಶಕ್ತಿಯನ್ನು ಜೂಲ್ ಲೆಕ್ಕದಲ್ಲಿ ನಿಗದಿ ಮಾಡಿದೆ. ಸ್ಪ್ರಿಂಗ್‌ಬಾಕ್, ಡೈಕರ್‌ನಂಥ ಚಿಕ್ಕವಕ್ಕೆ ನಳಿಗೆಯ ಬಾಯಲ್ಲಿ ಕನಿಷ್ಠ 1,350 ಜೂಲ್. ಕುಡು, ಗೆಮ್ಸ್‌ಬಾಕ್, ಹಾರ್ಟ್‌ಬೀಸ್ಟ್, ವಿಲ್ಡಬೀಸ್ಟ್, ಇಲಾಂಡ್‌ಗೆ 2,700. ಆನೆ, ಕಾಡೆಮ್ಮೆಗಳಿಗೆ 5,400. ಸೆಮಿ ಆಟೊಮ್ಯಾಟಿಕ್ ರೈಫಲ್ ಮತ್ತು ಕೈಬಂದೂಕು ತರುವಂತಿಲ್ಲ. ದಕ್ಷಿಣ ಆಫ್ರಿಕಾದಲ್ಲೂ ಶಿಕಾರಿಗೆ ಸೆಮಿ ಆಟೊಮ್ಯಾಟಿಕ್ ರೈಫಲ್ ಒಯ್ಯಲು ಬಿಡುವುದಿಲ್ಲ. ಪ್ರತಿ ಈಡಿಗೂ ಕೈಯಿಂದ ಬೋಲ್ಟ್ ಎಳೆದು ತೋಟಾ ತುಂಬುವ ಬೋಲ್ಟ್ ರೈಫಲ್ ಎಂಬುದು ಇಲ್ಲಿಗೇ ತೀರ್ಮಾನವಾಯಿತು.

ತೋಟಾಕ್ಕೆ ಹೋಗುವ ಮೊದಲು ಪ್ರಾಣಿಯ ಒಳಗೆ ಏನು ಎಲ್ಲಿದೆ ಎಂದು ತಿಳಿಯಬೇಕು, ಗುಂಡಿನ ಆಯ್ಕೆ ನಿಂತಿರುವುದೇ ಅದರ ಮೇಲೆ. ಅಮೆರಿಕದಲ್ಲಿ ಜಿಂಕೆ ಹೊಡೆದು ಅಭ್ಯಾಸವಿರುವ ನಮ್ಮವರು ಮುಂಗಾಲಿನ ಹಿಂದೆ, ಎದೆಯ ನಡುಮಟ್ಟಕ್ಕೆ ಗುರಿ ಇಡುತ್ತಾರೆ. ಆಫ್ರಿಕಾದ ಹುಲ್ಲೆಗಳಲ್ಲಿ ಹೃದಯ, ಶ್ವಾಸಕೋಶಗಳು ಇನ್ನೂ ಮುಂದಕ್ಕೆ, ಇನ್ನೂ ಕೆಳಕ್ಕೆ, ಬಹುತೇಕ ಎರಡು ಭುಜಗಳ ನಡುವೆಯೇ ಇರುತ್ತವೆ. ಪ್ರಾಣಿ ಪೂರ್ತಿ ಅಡ್ಡ ನಿಂತಿದ್ದಾಗ ಮುಂಗಾಲಿನ ನೇರಕ್ಕೆ ಮೇಲೆ ಹೋಗಿ, ಎದೆಯ ಕೆಳ ಅಂಚಿನಿಂದ ಮೂರರಲ್ಲಿ ಒಂದು ಭಾಗ ಎತ್ತರದಲ್ಲಿ ನಿಲ್ಲಬೇಕು. ಕಾಲಿನ ಹಿಂದೆ ಒಂದು ಗೇಣು ಹೋದರೆ ಶ್ವಾಸಕೋಶದ ಹಿಂಬದಿ ಅಂಚು, ಇನ್ನೂ ಸ್ವಲ್ಪ ಹೋದರೆ ಹೊಟ್ಟೆ. ಆ ಗೆಮ್ಸ್‌ಬಾಕ್ ಸಂಜೆವರೆಗೂ ನಡೆಯುತ್ತದೆ. ಜೀಬ್ರಾದ ಭುಜದ ಮೇಲೆ ಪಟ್ಟೆಗಳು ಕೂಡಿ ತ್ರಿಕೋನವಾಗುವ ಜಾಗವೇ ಗುರುತು. ವಿಲ್ಡಬೀಸ್ಟ್‌ನ ಎತ್ತರದ ಹೆಗಲು ಮತ್ತು ಕೂದಲು ಕಣ್ಣಿಗೆ ಮೋಸ ಮಾಡುತ್ತವೆ. ದೇಹದ ನಡುಮಟ್ಟ ಎಂದು ತೋರುವುದು ನಿಜವಾಗಿ ಮೇಲ್ಭಾಗ, ಅಲ್ಲಿ ಬಿದ್ದ ಗುಂಡು ಬೆನ್ನುಮೂಳೆಯ ಮೇಲಿನ ಮಾಂಸದಲ್ಲಿ ಹಾದು ಹೋಗಬಹುದು.

ಅಂದರೆ ಇಲ್ಲಿ ಬೇಕಾದದ್ದು ಪಕ್ಕೆಲುಬುಗಳ ನಡುವೆ ಸುಲಭವಾಗಿ ನುಸುಳುವ ಗುಂಡಲ್ಲ. ಭುಜದ ಮೂಳೆ ಒಡೆದು, ಆಮೇಲೂ ನೇರ ಹೋಗಿ, ಆಚೆಯ ಭುಜದ ತನಕ ಮುಟ್ಟಬೇಕು. ಆದ್ದರಿಂದ ನಾನು ಗುಂಡನ್ನು ಮೊದಲು ಆರಿಸಿ, ಅದನ್ನು ಹೊರುವ ತೋಟಾವನ್ನು ಆಮೇಲೆ ಆರಿಸಿದೆ. ಈ ಕ್ರಮವನ್ನು ತಿರುಗುಮುರುಗು ಮಾಡಿದ್ದರಿಂದಲೇ ಎಷ್ಟೋ ಪ್ರಾಣಿಗಳು ಗಾಯಗೊಂಡು ತಪ್ಪಿಸಿಕೊಂಡಿವೆ.

ಸಾಮಾನ್ಯ ಗುಂಡಿನಲ್ಲಿ ತೆಳು ತಾಮ್ರದ ಹೊದಿಕೆಯೊಳಗೆ ಮೆತ್ತನೆಯ ಸೀಸ ತುಂಬಿರುತ್ತದೆ. 200 ಮೀಟರ್ ಆಚೆಯ ಚಿಕ್ಕ ಹುಲ್ಲೆಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅದೇ ಗುಂಡನ್ನು ಮ್ಯಾಗ್ನಮ್ (ಹೆಚ್ಚು ಮದ್ದು ಹಿಡಿಯುವ ತೋಟಾ) ವೇಗದಲ್ಲಿ 60 ಮೀಟರಿಗೆ ಗೆಮ್ಸ್‌ಬಾಕ್‌ನ ಭುಜದ ಕೀಲಿಗೆ ಹೊಡೆದರೆ ಹೊದಿಕೆಯೂ ಸೀಸವೂ ಬೇರೆಯಾಗಿ ಮೇಲ್ಮೈಯಲ್ಲೇ ಪುಡಿಯಾಗುತ್ತವೆ. ಗಾಯ ತಟ್ಟೆಯಗಲ, ಆಳ ನಾಲ್ಕು ಬೆರಳು. ದೂರಕ್ಕೆಂದು ಮಾಡಿದ ಪ್ಲಾಸ್ಟಿಕ್ ತುದಿಯ ಮೆತ್ತನೆ ಗುಂಡುಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು. ವೇಗ ಹೆಚ್ಚಿದಷ್ಟೂ, ದೂರ ಕಡಿಮೆಯಾದಷ್ಟೂ ಗುಂಡಿನ ಮೇಲೆ ಬೀಳುವ ಒತ್ತಡ ಹೆಚ್ಚು ಎಂಬುದನ್ನು ತೋಟಾ ಕೊಳ್ಳುವಾಗ ಬಹಳ ಜನ ಮರೆಯುತ್ತಾರೆ.

ಉಳಿಯುವ ದಾರಿ ಮೂರು. ಒಂದು, ಒಳಗೆ ಅಡ್ಡಗೋಡೆಯಿರುವ ಗುಂಡು. ಜಾನ್ ನೋಸ್ಲರ್ 1940ರ ದಶಕದಲ್ಲಿ ರೂಪಿಸಿದ ಪಾರ್ಟಿಷನ್ ಈ ಬಗೆಯದು. ಮುಂದಿನ ಅರ್ಧ ಬೇಗ ಅರಳುತ್ತದೆ, ಹಿಂದಿನ ಅರ್ಧ ಗಟ್ಟಿಯಾಗಿ ಉಳಿದು ಒಳಕ್ಕೆ ಹೋಗುತ್ತದೆ. ಹೊರಗೆ ತೆಗೆದು ತೂಗಿದರೆ ಮೊದಲಿನ ತೂಕದ ಮೂರರಲ್ಲಿ ಎರಡು ಭಾಗ ಸಿಗುವುದು ಸಾಮಾನ್ಯ. ಎರಡು, ಸೀಸವನ್ನು ತಾಮ್ರದ ಹೊದಿಕೆಗೆ ಬೆಸೆದ ಗುಂಡು. ಸ್ವಿಫ್ಟ್ ಎ-ಫ್ರೇಮ್‌ನಲ್ಲಿ ಅಡ್ಡಗೋಡೆಯೂ ಉಂಟು, ಬೆಸುಗೆಯೂ ಉಂಟು, ತೂಕ 90 ಶೇಕಡಾ ಮೇಲೆ ಉಳಿಯುತ್ತದೆ. ಮೂರು, ಇಡೀ ತಾಮ್ರದ ಗುಂಡು, ಬಾರ್ನ್ಸ್ ಟಿ.ಎಸ್.ಎಕ್ಸ್ ಥರದ್ದು. ನಾಲ್ಕು ದಳವಾಗಿ ಅರಳಿ ಬಹುತೇಕ ಪೂರ್ತಿ ತೂಕದೊಂದಿಗೆ ಆಚೆಗೆ ಹಾದು ಹೋಗುತ್ತದೆ. ತಾಮ್ರ ಸೀಸಕ್ಕಿಂತ ಹಗುರ, ಆದ್ದರಿಂದ ಅದೇ ತೂಕದ ಗುಂಡು ಉದ್ದವಾಗಿ ತೋಟಾದಲ್ಲಿ ಮದ್ದಿನ ಜಾಗ ತಿನ್ನುತ್ತದೆ. ಹಾಗಾಗಿ ಪಾರ್ಟಿಷನ್‌ನಲ್ಲಿ 180 ಗ್ರೇನ್ ಆರಿಸುವ ಕಡೆ ತಾಮ್ರದ್ದಾದರೆ 165 ಅಥವಾ 168 ಗ್ರೇನ್ ಸಾಕು. 180 ಗ್ರೇನ್ ಅಂದರೆ 11.7 ಗ್ರಾಂ. ತಾಮ್ರದ ಗುಂಡಿಗೆ ಅರಳಲು ವೇಗ ಬೇಕು. ವೇಗ ತೀರಾ ಇಳಿದ ದೂರದಲ್ಲಿ ಅದು ಅರಳದೆ ಪೆನ್ಸಿಲಿನಷ್ಟು ತೂತು ಮಾಡಿ ಹೋಗಬಹುದು.

ಆಚೆಗೆ ಹಾದು ಹೋಗುವ ಗುಂಡಿನಿಂದ ಒಂದು ಲಾಭ, ಒಂದು ಅಪಾಯ. ಎರಡು ತೂತಿನಿಂದ ರಕ್ತ ಬಿದ್ದರೆ ಜಾಡು ಹಿಡಿಯುವವರ ಕೆಲಸ ಸುಲಭವಾಗುತ್ತದೆ. ಆದರೆ ಹಿಂಡಿನಲ್ಲಿ ನಿಂತ ಪ್ರಾಣಿಯ ಹಿಂದೆ ಇನ್ನೊಂದಿದ್ದರೆ ಎರಡೂ ಗಾಯಗೊಳ್ಳುತ್ತವೆ. ಆಫ್ರಿಕಾದ ಶಿಕಾರಿ ಒಪ್ಪಂದಗಳಲ್ಲಿ ರಕ್ತ ಬಿದ್ದ ಪ್ರಾಣಿಗೆ, ಸಿಕ್ಕರೂ ಸಿಗದಿದ್ದರೂ, ಪೂರ್ತಿ ಶುಲ್ಕ ಕಟ್ಟಬೇಕು. ದುಡ್ಡಿನ ಮಾತು ಹಾಗಿರಲಿ, ಹಿಂದೆ ಏನೂ ಇಲ್ಲವೆಂದು ಖಾತ್ರಿಯಾಗುವ ತನಕ ಟ್ರಿಗರ್ ಮುಟ್ಟಬಾರದು.

ಸ್ಪ್ರಿಂಗ್‌ಬಾಕ್‌ನಂಥ ಚಿಕ್ಕ ಪ್ರಾಣಿಗೆ ಇಷ್ಟು ಗಟ್ಟಿ ಗುಂಡು ಹೆಚ್ಚಾಯಿತಲ್ಲವೇ ಎಂದು ಕೇಳುವವರಿದ್ದಾರೆ. ನಿಜದಲ್ಲಿ ಹಗುರವಾದ, ವೇಗದ, ಮೆತ್ತನೆಯ ಗುಂಡೇ ಅದರ ಚರ್ಮ, ಮಾಂಸ ಎರಡನ್ನೂ ಹೆಚ್ಚು ಹಾಳುಮಾಡುತ್ತದೆ. ಭಾರದ ಗಟ್ಟಿ ಗುಂಡು ಚಿಕ್ಕ ತೂತು ಮಾಡಿ ಹಾದು ಹೋಗುತ್ತದೆ.

ಈಗ ತೋಟಾ. ನನ್ನ ಮುಂದೆ ಉಳಿದದ್ದು ಮುಖ್ಯವಾಗಿ ಎರಡು: .30-06 ಸ್ಪ್ರಿಂಗ್‌ಫೀಲ್ಡ್ ಮತ್ತು .300 ವಿನ್‌ಚೆಸ್ಟರ್ ಮ್ಯಾಗ್ನಮ್. ಒಂದು 1906ರದ್ದು, ಇನ್ನೊಂದು 1963ರದ್ದು, ಎರಡರಲ್ಲೂ ಹಾಕುವುದು ಅದೇ ವ್ಯಾಸದ ಗುಂಡು. 180 ಗ್ರೇನ್ ಗುಂಡನ್ನು .30-06 ಸೆಕೆಂಡಿಗೆ ಸುಮಾರು 2,700 ಅಡಿ ವೇಗದಲ್ಲಿ ಕಳಿಸುತ್ತದೆ, ಶಕ್ತಿ 3,950 ಜೂಲ್. .300 ಮ್ಯಾಗ್ನಮ್ 2,960 ಅಡಿ, 4,750 ಜೂಲ್. ಎರಡೂ ನಮೀಬಿಯಾದ 2,700 ಜೂಲ್ ಗೆರೆಯನ್ನು ಆರಾಮವಾಗಿ ದಾಟುತ್ತವೆ. ಮ್ಯಾಗ್ನಮ್ ಪರವಾಗಿ ಹೇಳುವ ಮಾತು ಅದರ ಗುಂಡು ಕಡಿಮೆ ಇಳಿಯುತ್ತದೆ ಎಂಬುದು. ಎಷ್ಟು ಕಡಿಮೆ? ಎರಡನ್ನೂ 200 ಗಜಕ್ಕೆ ಝೀರೋ ಮಾಡಿದರೆ 300 ಗಜದಲ್ಲಿ .30-06 ಸುಮಾರು 21 ಸೆಂ.ಮೀ. ಇಳಿಯುತ್ತದೆ, .300 ಸುಮಾರು 18. ವ್ಯತ್ಯಾಸ ಮೂರು ನಾಲ್ಕು ಸೆಂ.ಮೀ. ಮೂರುಗಾಲಿನ ಕೋಲಿನ ಮೇಲೆ ರೈಫಲ್ ಇಟ್ಟು, ಏದುಸಿರು ಬಿಡುತ್ತ ನಿಂತವನ ಕೈನಡುಕವೇ ಅದಕ್ಕಿಂತ ಹೆಚ್ಚು. ಇನ್ನು ಗಾಳಿ: ಗಂಟೆಗೆ 16 ಕಿ.ಮೀ. ಅಡ್ಡಗಾಳಿ 300 ಗಜದಲ್ಲಿ .30-06ರ ಗುಂಡನ್ನು ಸುಮಾರು ಒಂದು ಗೇಣಿನಷ್ಟು ಪಕ್ಕಕ್ಕೆ ತಳ್ಳುತ್ತದೆ. ಗಾಳಿ ಓದಲು ಕಲಿತವನಿಗೆ ಸಿಗುವ ಲಾಭ ಮ್ಯಾಗ್ನಮ್ ಕೊಡುವುದಕ್ಕಿಂತ ದೊಡ್ಡದು.

ಮ್ಯಾಗ್ನಮ್ ಕೇಳುವ ಬೆಲೆ ಭುಜಕ್ಕೆ ಬೀಳುತ್ತದೆ. ಮೂರೂವರೆಯಿಂದ ನಾಲ್ಕು ಕಿಲೋ ರೈಫಲಿನಲ್ಲಿ .30-06ರ ಒದೆತ ಸುಮಾರು 20 ಅಡಿ-ಪೌಂಡ್, .300ರದ್ದು 26ರ ಹತ್ತಿರ, ಇನ್ನೂ ದೊಡ್ಡ ತೋಟಾವಾದ .375 ಎಚ್ ಅಂಡ್ ಎಚ್‌ನದ್ದು 37ರ ಆಸುಪಾಸು. 20ರ ತನಕ ಹೆಚ್ಚಿನವರು ಕಣ್ಣು ಮುಚ್ಚದೆ ಹೊಡೆಯಬಲ್ಲರು. ಅದರ ಮೇಲೆ ಟ್ರಿಗರ್ ಎಳೆಯುವ ಮುಂಚೆಯೇ ದೇಹ ಒದೆತಕ್ಕೆ ಸಿದ್ಧವಾಗಿ ಜಗ್ಗುತ್ತದೆ, ಗುಂಡು ಕೆಳಕ್ಕೋ ಪಕ್ಕಕ್ಕೋ ಹೋಗುತ್ತದೆ. ಇದನ್ನು ಪತ್ತೆ ಹಚ್ಚುವ ವಿಧಾನ ಸುಲಭ: ಗೆಳೆಯನೊಬ್ಬ ನಿಮಗೆ ಕಾಣದಂತೆ ಖಾಲಿ ಡಮ್ಮಿ ತೋಟಾಗಳನ್ನು ನಿಜವಾದವುಗಳ ನಡುವೆ ಸೇರಿಸಿ ಕೊಡಲಿ. ಡಮ್ಮಿಯ ಮೇಲೆ ಟ್ರಿಗರ್ ಬಿದ್ದಾಗ ನಳಿಗೆಯ ತುದಿ ಅಲುಗಿದರೆ ಆ ರೈಫಲ್ ನಿಮಗೆ ಭಾರ. ಒದೆತ ತಗ್ಗಿಸಲು ನಳಿಗೆಯ ತುದಿಗೆ ಮಝಲ್ ಬ್ರೇಕ್ ಎಂಬ ತೂತುಗಳ ತುಂಡು ಹಾಕಿಸುವವರುಂಟು. ಆದರೆ ಶಿಕಾರಿಯಲ್ಲಿ ಪಿ.ಎಚ್. (ಪ್ರೊಫೆಷನಲ್ ಹಂಟರ್, ಅಂದರೆ ಶಿಕಾರಿ ನಡೆಸುವ ವೃತ್ತಿಪರ ಮಾರ್ಗದರ್ಶಿ), ಜಾಡು ಹಿಡಿಯುವ ಟ್ರ್ಯಾಕರ್ ಇಬ್ಬರೂ ನಿಮ್ಮ ಪಕ್ಕದಲ್ಲೇ, ಬರಿಗಿವಿಯಲ್ಲಿ ನಿಂತಿರುತ್ತಾರೆ; ಬ್ರೇಕಿನ ಸದ್ದು ಅವರ ಕಿವಿಗೆ ನೇರ ಹೊಡೆಯುತ್ತದೆ. ದಿನವೂ ಅದೇ ಕೆಲಸದಲ್ಲಿರುವವರ ಕಿವಿ ಅದು. ದಕ್ಷಿಣ ಆಫ್ರಿಕಾದ ಫಾರ್ಮುಗಳಲ್ಲಿ ಸೈಲೆನ್ಸರ್ ಸಾಮಾನ್ಯ, ಅದು ಒದೆತ, ಸದ್ದು ಎರಡನ್ನೂ ಇಳಿಸುತ್ತದೆ.

ಹೀಗಾಗಿ .30-06, 180 ಗ್ರೇನ್ ಪಾರ್ಟಿಷನ್. ಇನ್ನೊಂದು ಕಾರಣವೂ ಇದೆ. ಸಾಮಾನು ಬೇರೆ ವಿಮಾನಕ್ಕೆ ಹೋಗಿ ತೋಟಾ ತಲುಪದಿದ್ದರೆ ವಿಂಡ್‌ಹುಕ್‌ನ ಅಂಗಡಿಯಲ್ಲಿ .30-06, .308, .300 ಸಿಗುತ್ತವೆ, ಅಪರೂಪದ ಹೊಸ ತೋಟಾ ಸಿಗುವ ಭರವಸೆ ಇಲ್ಲ.

ಬೇರೆಯವರ ಆಯ್ಕೆ ಬೇರೆಯಿರಬಹುದು, ಅದರಲ್ಲಿ ಕೆಲವನ್ನು ನಾನು ಮನಸಾರೆ ಒಪ್ಪುತ್ತೇನೆ. .308ರಲ್ಲಿ 165 ಗ್ರೇನ್ ಗಟ್ಟಿ ಗುಂಡು 250 ಮೀಟರ್ ಒಳಗೆ ಈ ಪಟ್ಟಿಯ ಎಲ್ಲಕ್ಕೂ ಸಾಕು. 1892ರ 7×57 ಮೌಸರ್ ಬೋಯರ್ ಯುದ್ಧದ ಕಾಲದಿಂದ ಆ ನೆಲದಲ್ಲಿ ಬೇರುಬಿಟ್ಟ ತೋಟಾ. ಒದೆತ ಸೌಮ್ಯ, 140ರಿಂದ 160 ಗ್ರೇನ್ ಗುಂಡು ಕುಡುವಿನ ಆಚೆ ಭುಜ ಮುಟ್ಟುತ್ತದೆ. ಬರ್ಲಿನ್‌ನ ಓಟೊ ಬಾಕ್ 1905ರಲ್ಲಿ ಆಫ್ರಿಕಾದ ಜರ್ಮನ್ ವಲಸಿಗರಿಗೆಂದೇ ರೂಪಿಸಿದ 9.3×62 ಪೊದೆಕಾಡಿಗೂ ಇಲಾಂಡ್‌ಗೂ ಸೊಗಸಾದದ್ದು, ಆದರೆ 250 ಮೀಟರ್ ಆಚೆ ಗುಂಡು ಬೇಗ ಇಳಿಯುತ್ತದೆ. .375 ಎಚ್ ಅಂಡ್ ಎಚ್ ಕಾಡೆಮ್ಮೆಯೂ ಪಟ್ಟಿಯಲ್ಲಿದ್ದರೆ ಸರಿ. 300 ಗ್ರೇನ್ ಗುಂಡಿನೊಂದಿಗೆ ಅದು 5,700 ಜೂಲ್ ದಾಟುತ್ತದೆ. ಬರೀ ಬಯಲು ಪ್ರಾಣಿಗಳಿಗೆ ಅಷ್ಟು ಒದೆಸಿಕೊಳ್ಳುವ ಅಗತ್ಯ ಇಲ್ಲ. 6.5 ಕ್ರೀಡ್‌ಮೋರ್ ಒಯ್ಯುವ ಆಸೆಯಿದ್ದರೆ ಶಿಕಾರಿ ಏರ್ಪಡಿಸುವವರಿಂದ ಮೊದಲೇ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಸ್ಪ್ರಿಂಗ್‌ಬಾಕ್‌ಗೆ ಅದು ಚೆಂದ, ಜೀಬ್ರಾದ ಭುಜಕ್ಕೆ ನಾನು ಆರಿಸುವುದಿಲ್ಲ.

ರೈಫಲಿನ ಮೈಕಟ್ಟಿನಲ್ಲಿ ನೋಡಿದ್ದು ಕೆಲವೇ ವಿಷಯ. ಸ್ಕೋಪ್ ಸೇರಿ ನಾಲ್ಕು ಕಿಲೋ ಒಳಗೆ, ನಳಿಗೆ 22 ಇಂಚು, ಟ್ರಿಗರ್ ಭಾರ 1.4 ಕಿಲೋ ಹತ್ತಿರ. ಮೌಸರ್ 98ರಂತೆ ತೋಟಾದ ಅಂಚನ್ನು ಮೊದಲಿನಿಂದಲೇ ಹಿಡಿದುಕೊಳ್ಳುವ ಅಗಲ ಉಗುರಿನ ಬೋಲ್ಟ್ ಬಯಲು ಪ್ರಾಣಿಗೆ ಕಡ್ಡಾಯವಲ್ಲ. ಆದರೆ ಗಡಿಬಿಡಿಯ ಎರಡನೇ ಈಡಿನಲ್ಲಿ ಅದರಷ್ಟು ನಂಬಿಕೆಯದು ಇನ್ನೊಂದಿಲ್ಲವೆಂದು ನಾನು ಅದನ್ನೇ ಬಯಸಿದೆ. ಕಳಚಿ ಹಾಕುವ ಮ್ಯಾಗಜಿನ್ ಬೇಡ, ಮುಳ್ಳುಪೊದೆಯಲ್ಲಿ ಬಿದ್ದರೆ ಸಿಗುವುದಿಲ್ಲ. ಅಡಿಯಲ್ಲಿ ಮುಚ್ಚಳ ತೆರೆಯುವಂಥದ್ದು ಒಳ್ಳೆಯದು. ಬೋಲ್ಟ್ ಲಾಕ್ ಆಗುವ ಸೇಫ್ಟಿ ಬೇಕು, ಇಲ್ಲದಿದ್ದರೆ ಹೆಗಲಿಗೆ ಹಾಕಿ ನಡೆಯುವಾಗ ಬೋಲ್ಟ್ ಹಿಡಿ ಕೊಂಬೆಗೆ ಸಿಕ್ಕಿ ಏಳುತ್ತದೆ.

ಸ್ಟಾಕ್, ಅಂದರೆ ಭುಜಕ್ಕೆ ಒತ್ತಿ ಹಿಡಿಯುವ ಹಿಡಿಕೆಯ ಭಾಗದ ವಿಷಯದಲ್ಲಿ ನಮ್ಮ ಕಡೆಯವರು ಹೆಚ್ಚು ಎಚ್ಚರ ವಹಿಸಬೇಕು. ಕೊಡಗು, ಮಲೆನಾಡು, ಕರಾವಳಿಯ ತೇವ ಕುಡಿದ ವಾಲ್‌ನಟ್ ಮರ ನಮೀಬಿಯಾದ ಚಳಿಗಾಲದ ಒಣಹವೆಯಲ್ಲಿ ಕೆಲವೇ ದಿನಗಳಲ್ಲಿ ಕುಗ್ಗುತ್ತದೆ. ಸ್ಟಾಕಿಗೆ ರೈಫಲನ್ನು ಬಿಗಿದಿರುವ ಸ್ಕ್ರೂಗಳು ಸಡಿಲಾಗುತ್ತವೆ, ಮರ ನಳಿಗೆಗೆ ಒತ್ತುತ್ತದೆ, ಝೀರೋ ಜರುಗುತ್ತದೆ. ಸಿಂಥೆಟಿಕ್ ಅಥವಾ ಪದರ ಅಂಟಿಸಿದ ಲ್ಯಾಮಿನೇಟ್ ಸ್ಟಾಕಿಗೆ ಈ ತಲೆನೋವಿಲ್ಲ. ಯಾವುದಾದರೂ ಸರಿ, ಕಲ್ಲುದಾರಿಯಲ್ಲಿ ಬಕ್ಕಿಯ (ಅಲ್ಲಿನ ಪಿಕಪ್ ಗಾಡಿ) ಮೇಲೆ ದಿನವಿಡೀ ಕುಲುಕಿದ ರೈಫಲಿನ ಸ್ಕ್ರೂಗಳನ್ನು ಪ್ರತಿ ಸಂಜೆ ಮುಟ್ಟಿ ನೋಡಬೇಕು. ಸ್ಕೋಪಿನ ಉಂಗುರದ ಸ್ಕ್ರೂಗಳಿಗೆ 15ರಿಂದ 20 ಇಂಚು-ಪೌಂಡ್ ಬಿಗಿತ ಸಾಕು, ಅದಕ್ಕಿಂತ ಬಿಗಿದರೆ ಕೊಳವೆ ನಜ್ಜಾಗುತ್ತದೆ. ಬೋಲ್ಟಿಗೆ ಎಣ್ಣೆ ಸುರಿಯಬೇಡಿ. ಕೆಂಪು ದೂಳು ಎಣ್ಣೆಗೆ ಅಂಟಿ ಉಪ್ಪುಕಾಗದದಂತಾಗುತ್ತದೆ.

ಸ್ಕೋಪ್ 3-9×40 (3ರಿಂದ 9 ಪಟ್ಟು ದೊಡ್ಡದಾಗಿ ತೋರಿಸುವಂಥದ್ದು) ಅಥವಾ 2-10 ಸಾಕು, ಕಣ್ಣಿನಿಂದ ಕನಿಷ್ಠ 9 ಸೆಂ.ಮೀ. ದೂರ ಬಿಡುವಂಥದ್ದು. ನಡೆಯುವಾಗ ಅದು 3 ಅಥವಾ 4ರಲ್ಲೇ ಇರಲಿ. 9ಕ್ಕೆ ತಿರುಗಿಸಿಟ್ಟು ಮರೆತವನಿಗೆ 40 ಮೀಟರಿನಲ್ಲಿ ಎದ್ದ ಕುಡು ಬರೀ ಬೂದುಬಣ್ಣದ ಗೋಡೆಯಂತೆ ಕಾಣುತ್ತದೆ, ಭುಜ ಯಾವುದು ಹೊಟ್ಟೆ ಯಾವುದು ತಿಳಿಯುವುದಿಲ್ಲ.

ಝೀರೋ 200 ಗಜಕ್ಕೆ. ಅಂದರೆ 100 ಗಜದಲ್ಲಿ ಗುಂಡು 5 ಸೆಂ.ಮೀ. ಮೇಲೆ ಬೀಳಬೇಕು; 250ರಲ್ಲಿ 9 ಸೆಂ.ಮೀ. ಕೆಳಗೆ. ಕುಡುವಿನ ಮರ್ಮಸ್ಥಾನದ ಅಗಲ 25 ಸೆಂ.ಮೀ. ಮೇಲಿರುವುದರಿಂದ 250 ಗಜದ ತನಕ ಏನೂ ಲೆಕ್ಕ ಹಾಕದೆ ನಡುವಿಗೇ ಹಿಡಿಯಬಹುದು. ಇಲ್ಲೊಂದು ಕೊಕ್ಕೆಯಿದೆ: ಪಿ.ಎಚ್. ಹೇಳುವುದು ಮೀಟರಿನಲ್ಲಿ. ಅವರು 300 ಎಂದರೆ ಅದು 328 ಗಜ, ಗುಂಡು ನೀವೆಣಿಸಿದ್ದಕ್ಕಿಂತ ಸುಮಾರು 9 ಸೆಂ.ಮೀ. ಹೆಚ್ಚು ಇಳಿಯುತ್ತದೆ. ಇಳಿತದ ಪಟ್ಟಿಯನ್ನು ಮೀಟರಿನಲ್ಲಿ ಬರೆದು ಸ್ಟಾಕಿಗೆ ಅಂಟಿಸಿ, ದೂರ ಅಳೆಯುವ ಯಂತ್ರವನ್ನೂ ಮೀಟರಿಗೆ ತಿರುಗಿಸಿ.

ಅಭ್ಯಾಸ ಬೆಂಚಿನ ಮೇಲೆ ಕುಳಿತು ಝೀರೋ ಮಾಡುವಷ್ಟಕ್ಕೆ ಸಾಕು, ಉಳಿದದ್ದೆಲ್ಲ ನಿಂತು, ಮೂರುಗಾಲಿನ ಕೋಲಿನ ಮೇಲೆ. ಅಲ್ಲಿನ ಹುಲ್ಲು, ಮುಳ್ಳುಗಿಡ ಎದೆಮಟ್ಟಕ್ಕಿರುವುದರಿಂದ ಮಲಗಿ ಹೊಡೆಯುವ ಅವಕಾಶ ಅಪರೂಪ. 100 ಮೀಟರಿನಲ್ಲಿ 15 ಸೆಂ.ಮೀ. ಅಗಲದ ತಟ್ಟೆ, ರೈಫಲ್ ಹೆಗಲಿನಿಂದ ಇಳಿಸಿ, ಕೋಲಿನ ಮೇಲಿಟ್ಟು, ಹತ್ತು ಸೆಕೆಂಡಿನೊಳಗೆ ಮೊದಲ ಗುಂಡು ತಟ್ಟೆಗೆ ಬೀಳಬೇಕು. ಗುಂಡು ಹೊರಟ ತಕ್ಷಣ ಕೆನ್ನೆ ಎತ್ತದೆ ಬೋಲ್ಟ್ ಎಳೆಯುವುದು ಇದೇ ಅಭ್ಯಾಸದ ಭಾಗ. ಭಾರತದಲ್ಲಿ ದೊಡ್ಡ ರೈಫಲಿಗೆ ರೇಂಜ್ ಸಿಗುವುದು ಕಷ್ಟ. ಮನೆಯಲ್ಲೇ ಖಾಲಿ ರೈಫಲ್, ಡಮ್ಮಿ ತೋಟಾ, ಗೋಡೆಯ ಮೇಲೊಂದು ಚುಕ್ಕೆ ಇಟ್ಟುಕೊಂಡು ದಿನಾ ಕಾಲು ಗಂಟೆ ಮಾಡಿದರೂ ಕೋಲಿನ ಮೇಲಿನ ನಡುಕ ಬಹಳ ಇಳಿಯುತ್ತದೆ.

ಕಾಗದಪತ್ರ. ನಮೀಬಿಯಾದಲ್ಲಿ ವಿಂಡ್‌ಹುಕ್‌ನ ಹೊಸೆಯಾ ಕುಟಾಕೊ ವಿಮಾನ ನಿಲ್ದಾಣದ ಪೊಲೀಸರು ತಾತ್ಕಾಲಿಕ ಆಮದು ಪರವಾನಗಿ ಕೊಡುತ್ತಾರೆ. ರೈಫಲಿನ ನಂಬರ್, ಕ್ಯಾಲಿಬರ್, ತೋಟಾಗಳ ಸಂಖ್ಯೆ, ಉಳಿಯುವ ಫಾರ್ಮಿನ ವಿಳಾಸ ಕೈಯಲ್ಲಿರಬೇಕು. ದಕ್ಷಿಣ ಆಫ್ರಿಕಾಕ್ಕೆ ಅಲ್ಲಿನ ಪೊಲೀಸರ ಎಸ್.ಎ.ಪಿ.ಎಸ್. 520 ನಮೂನೆ, ಕಪ್ಪು ಶಾಯಿಯಲ್ಲಿ ತುಂಬಿ, ಸಹಿಯನ್ನು ಮಾತ್ರ ಅಲ್ಲಿನ ಅಧಿಕಾರಿಯ ಎದುರೇ ಹಾಕಬೇಕು. ಒಂದು ರೈಫಲಿಗೆ 200 ತೋಟಾ ಮಿತಿ, ಒಂದೇ ಕ್ಯಾಲಿಬರಿನ ಎರಡು ರೈಫಲ್ ಒಯ್ಯುವಂತಿಲ್ಲ. ನಳಿಗೆಯ ಮೇಲೆ ಕೆತ್ತಿದ ಹೆಸರು, ತೋಟಾದ ತಳದ ಹೆಸರು, ಕಾಗದದ ಮೇಲಿನ ಹೆಸರು ಮೂರೂ ಒಂದೇ ಇರಲಿ. .275 ರಿಗ್ಬಿ, 7×57 ಒಂದೇ ತೋಟಾವಾದರೂ ಮುದ್ರೆ ಬೇರೆಯಿದ್ದರೆ ಕೌಂಟರಿನಲ್ಲಿ ಅದನ್ನು ವಿವರಿಸುತ್ತ ನಿಲ್ಲಬೇಕಾಗುತ್ತದೆ. ವಿಮಾನದಲ್ಲಿ ತೋಟಾ 5 ಕಿಲೋ ಮಿತಿ, ಬೀಗ ಹಾಕಿದ ಬೇರೆ ಪೆಟ್ಟಿಗೆಯಲ್ಲಿ. ಒಂದೇ ಲಾಟಿನ 60 ತೋಟಾ ಧಾರಾಳ, ಎರಡು ಕಿಲೋ ಕೂಡ ಆಗುವುದಿಲ್ಲ. ನಡುವೆ ಇಳಿದು ಹತ್ತುವ ದೇಶಕ್ಕೂ ಪ್ರತ್ಯೇಕ ಅನುಮತಿ ಬೇಕಾಗಬಹುದು. ಅಮೆರಿಕದಿಂದ ಹೊರಡುವ ಕನ್ನಡಿಗರು ಅಲ್ಲಿನ ಕಸ್ಟಮ್ಸ್‌ನಲ್ಲಿ ರೈಫಲ್ ತೋರಿಸಿ 4457 ನಮೂನೆಗೆ ಸಹಿ ಮಾಡಿಸಿಕೊಳ್ಳಬೇಕು, ಮಾಲೀಕತ್ವಕ್ಕೆ ಅದೇ ಪುರಾವೆ.

ಭಾರತದಿಂದ ಹೋಗುವವರಿಗೆ ನನ್ನ ಸಲಹೆ ಬಾಡಿಗೆ ರೈಫಲ್. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಇಲ್ಲಿ ಶಿಕಾರಿ ಇಲ್ಲ, ಪರವಾನಗಿ ರೈಫಲನ್ನು ಹೊರದೇಶಕ್ಕೆ ಒಯ್ದು ಮರಳಿ ತರಲು ಬೇರೆಯೇ ಅನುಮತಿ ಬೇಕು. ಮೊದಲೇ ಬರೆದು ಕೇಳಬೇಕಾದದ್ದು: ಯಾವ ತೋಟಾ, ಯಾವ ಗುಂಡು, ಎಷ್ಟು ಗ್ರೇನ್, ಸ್ಟಾಕಿನ ಉದ್ದ ಎಷ್ಟು, ಸೈಲೆನ್ಸರ್ ಇದೆಯೇ. ಗಿಡ್ಡ ತೋಳಿನವರಿಗೆ ಉದ್ದ ಸ್ಟಾಕ್ ಕೊಟ್ಟರೆ ಸ್ಕೋಪಿನ ಪೂರ್ತಿ ಚಿತ್ರವೇ ಕಣ್ಣಿಗೆ ಸಿಗುವುದಿಲ್ಲ.

ಫಾರ್ಮ್ ತಲುಪಿದ ದಿನ ಮೊದಲ ಕೆಲಸ ಝೀರೋ ಪರೀಕ್ಷೆ. ವಿಂಡ್‌ಹುಕ್ ಸುತ್ತಲಿನ ನೆಲ ಸಮುದ್ರಮಟ್ಟದಿಂದ 1,600 ಮೀಟರ್ ಮೇಲಿದೆ, ತೆಳು ಗಾಳಿಯಲ್ಲಿ ದೂರದ ಗುಂಡು ಒಂದಿಷ್ಟು ಮೇಲೆ ಬೀಳುತ್ತದೆ. ಅದಕ್ಕಿಂತ ಮುಖ್ಯವಾಗಿ ವಿಮಾನದ ಸರಕು ಕೋಣೆಯಲ್ಲಿ ಪೆಟ್ಟಿಗೆ ಹೇಗೆ ಬಿದ್ದಿತ್ತೋ ಗೊತ್ತಿರುವುದಿಲ್ಲ. ಬೆಂಚಿನಿಂದ ಮೂರು, ಕೋಲಿನಿಂದ ಎರಡು. ಬಕ್ಕಿಯಲ್ಲಿ ಕುಳಿತಾಗ ಮ್ಯಾಗಜಿನ್ ತುಂಬಿರಲಿ, ನಳಿಗೆಯ ಕೋಣೆ ಖಾಲಿಯಿರಲಿ, ಪಿ.ಎಚ್. ಹೇಳಿದಾಗ ಮಾತ್ರ ತೋಟಾ ಒಳಗೆ.

ಈಡು ಬಿದ್ದ ಮೇಲೆ ನೋಡುತ್ತ ನಿಲ್ಲಬಾರದು. ಬೋಲ್ಟ್ ಎಳೆದು, ಪ್ರಾಣಿ ಇನ್ನೂ ಕಾಲಮೇಲಿದ್ದರೆ, ಹಿಂದೆ ಬೇರೆ ಪ್ರಾಣಿ ಇಲ್ಲದಿದ್ದರೆ, ಪಿ.ಎಚ್. ಬೇಡ ಎನ್ನದಿದ್ದರೆ ಇನ್ನೊಂದು. ಬಿದ್ದ ಗೆಮ್ಸ್‌ಬಾಕ್ ಹತ್ತಿರ ಹೋಗುವಾಗ ಯಾವಾಗಲೂ ಬೆನ್ನ ಕಡೆಯಿಂದ, ಕೊಂಬಿನ ಬೀಸಿನಿಂದ ದೂರವಾಗಿ ಹೋಗಬೇಕು. ಆ ಜಾತಿಯಲ್ಲಿ ಗಂಡು ಹೆಣ್ಣು ಎರಡಕ್ಕೂ ನೇರ, ಚೂಪು ಕೊಂಬುಗಳಿವೆ, ಸಾಯುತ್ತಿರುವಾಗಲೂ ಅವನ್ನು ಬೀಸುತ್ತದೆ. ಕಣ್ಣು ಮುಚ್ಚಿದ್ದರೆ ಇನ್ನೂ ಜೀವವಿದೆ ಎಂದೇ ಎಣಿಸಿ, ರೈಫಲ್ ಸಿದ್ಧವಿಟ್ಟು, ಉದ್ದನೆಯ ಕೋಲಿನಿಂದ ಕಣ್ಣುಗುಡ್ಡೆ ಮುಟ್ಟಿ ನೋಡಿದ ಮೇಲೆಯೇ ತೋಟಾ ಹೊರತೆಗೆಯಬೇಕು.